ಬಿಟ್ಟಿ ಬೆಳಕಿನ ಬೆಲೆ

ಮಾಡಿನ ಮೇಲೆ ಸೌರಫಲಕ ಕೂರಿಸುವ ಮಾತು ಬಂದಾಗ ಉಡುಪಿ, ಮಣಿಪಾಲ, ಕಾರ್ಕಳದ ಅನುಕೂಲಸ್ಥರ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಹಾಕಿದ ಹಣ ಎಷ್ಟು ವರ್ಷಕ್ಕೆ ಹುಟ್ಟುತ್ತದೆ? ಅದರ ಬೆನ್ನಿಗೇ ಇನ್ನೊಂದು ವಾದ ಬರುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಿಂದ 200 ಯೂನಿಟ್ಟಿನ ಮಿತಿಯೊಳಗೆ ಬಿಲ್ಲೇ ಇಲ್ಲವೆಂದಾದ ಮೇಲೆ ಸಾಲ ಮಾಡಿ ಫಲಕ ಹಾಕಿಸುವುದು ಮೂರ್ಖತನವಲ್ಲವೇ ಎಂದು. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ಅರ್ಧ ಲೆಕ್ಕ. ಬಿಲ್ಲಿನಲ್ಲಿ ಸೊನ್ನೆ ಕಂಡ ಮಾತ್ರಕ್ಕೆ ವಿದ್ಯುತ್ತು ಬಿಟ್ಟಿಯಾಗಿ ಹುಟ್ಟಿತೆಂದು ಅರ್ಥವಲ್ಲ. ಅದರ ಬೆಲೆಯನ್ನು ಬೇರೊಬ್ಬರು ತೆತ್ತಿರುತ್ತಾರೆ.

ಅವರು ಯಾರೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಕಾಪು ತಾಲೂಕಿನ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳುಳ್ಳ ಉಷ್ಣವಿದ್ಯುತ್ ಸ್ಥಾವರವಿದೆ. ಹೊರದೇಶದಿಂದ ಹಡಗಿನಲ್ಲಿ ಬಂದ ಕಲ್ಲಿದ್ದಲು ಅಲ್ಲಿ ಉರಿಯುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸರಿಸುಮಾರು ಅರ್ಧ ಕಿಲೋ ಕಲ್ಲಿದ್ದಲು ಬೇಕು. 2010ರಲ್ಲಿ ಮೊದಲ ಘಟಕ ಚಾಲನೆಗೊಂಡಂದಿನಿಂದ ಹಾರುಬೂದಿ, ಉಪ್ಪಾದ ಬಾವಿ, ಸೊರಗಿದ ಮಲ್ಲಿಗೆ ತೋಟಗಳ ದೂರು ಆ ಪರಿಸರದಲ್ಲಿ ಕೇಳಿಬರುತ್ತಲೇ ಇದೆ. 2022ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು ಪರಿಸರಹಾನಿಗೆ ಸುಮಾರು 52 ಕೋಟಿ ರೂಪಾಯಿ ಪರಿಹಾರ ತೆರುವಂತೆ ಸ್ಥಾವರಕ್ಕೆ ಆದೇಶಿಸಿತು. ಹಣದಿಂದ ಬಾವಿ ಸಿಹಿಯಾದೀತೇ? ಒಂದೇ ಜಾಲದಲ್ಲಿ ಬೆರೆತು ಹರಿಯುವ ವಿದ್ಯುತ್ತಿನಲ್ಲಿ ಇದು ಶರಾವತಿಯದು, ಇದು ಎಲ್ಲೂರಿನದು ಎಂದು ಬೇರ್ಪಡಿಸಲಾಗದು. ಹಾಗಿರುವಾಗ ಆ ಬೂದಿಯಲ್ಲಿ ತನ್ನ ಪಾಲಿಲ್ಲವೆಂದು ಯಾವ ಗೃಹಸ್ಥನೂ ಹೇಳಲಾರನು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜಕವಾಗಿ ನೀರು ಚೆಲ್ಲುವುದನ್ನೂ ಬೆಂಕಿ ಹೊತ್ತಿಸುವುದನ್ನೂ ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಎಣಿಸಿದೆ. ಅಂದಿನ ಬೆಂಕಿ ಕಣ್ಣೆದುರಿನ ಒಲೆಯಲ್ಲಿತ್ತು. ಇಂದು ಗುಂಡಿ ಒತ್ತುವುದು ಕಾರ್ಕಳದಲ್ಲಿ, ಉರಿಯುವುದು ಎಲ್ಲೂರಿನಲ್ಲಿ. ಒಲೆ ದೂರ ಸರಿದುದರಿಂದ ಹೊಣೆಯೂ ಸರಿಯಿತೆಂದು ಬಗೆಯುವುದು ಅನುಕೂಲಶಾಸ್ತ್ರವೇ ಹೊರತು ಧರ್ಮಶಾಸ್ತ್ರವಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ, ರಾತ್ರಿಯಿಡೀ ಮೂರು ಕೋಣೆಗಳನ್ನು ಯಂತ್ರದಿಂದ ತಂಪಾಗಿಸುವ ಮನೆಗಳೂ ಉಂಟು!

ಹಣದ ಮಾತಿಗೆ ಈ ಮಣ್ಣಿನಲ್ಲೇ ಉತ್ತರವಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಬಡವರ ಮನೆಬಾಗಿಲಿನಲ್ಲಿ ಉಳಿತಾಯ ಸಂಗ್ರಹಿಸಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1995ರಲ್ಲಿ ಹರೀಶ್ ಹಂದೆಯವರು ಕಟ್ಟಿದ ಸೆಲ್ಕೊ ಸಂಸ್ಥೆಯು ಬ್ಯಾಂಕ್ ಸಾಲದ ನೆರವಿನಿಂದ ಬಡಕುಟುಂಬಗಳಿಗೆ ಸೌರದೀಪಗಳನ್ನು ಕಂತಿನ ಮೇಲೆ ಒದಗಿಸಿತು; 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಸಣ್ಣ ದುಡಿಮೆಯವರು ನಾಲ್ಕು ದೀಪಗಳಿಗಾಗಿ ಕಂತು ಕಟ್ಟಿದರು. ಅವರೂ ಹಣ ಹುಟ್ಟುವುದೆಂದಿಗೆ ಎಂದು ಕೇಳಿದ್ದರೆ ಅದಕ್ಕೊಂದು ಅರ್ಥವಿತ್ತು. ದೊಡ್ಡ ತಾರಸಿಯ ಒಡೆಯನ ಬಾಯಲ್ಲಿ ಆ ಪ್ರಶ್ನೆ ಶೋಭಿಸದು. 2024ರ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟಿಗೆ 60,000 ರೂಪಾಯಿ, 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವನ್ನು ನಿಗದಿಪಡಿಸಲಾಯಿತು. ಅಷ್ಟಾದರೂ ಹಿಂಜರಿಕೆ ಹೋಗಿಲ್ಲ.

ಆದರೆ ಫಲಕ ಹಾಕಿಸಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆನ್ನುವವರನ್ನೂ ಇಲ್ಲಿ ಬಿಡುವಂತಿಲ್ಲ. ಸೂರ್ಯನ ವಿದ್ಯುತ್ತು ತಾನೇ ಎಂದು ಇನ್ನೆರಡು ಏಸಿ ಕೂರಿಸಿದರೆ ಉಳಿದುದೇನು? ಹಳೆಯ ಫ್ಯಾನು ಸುಮಾರು 75 ವಾಟ್ ಎಳೆದರೆ ಹೊಸ ಬಗೆಯ ಬಿ.ಎಲ್.ಡಿ.ಸಿ. ಫ್ಯಾನಿಗೆ 30 ವಾಟ್ ಸಾಕು. ದಿನಕ್ಕೆ ಹತ್ತು ಗಂಟೆ ತಿರುಗುವ ನಾಲ್ಕು ಫ್ಯಾನುಗಳಿಂದಲೇ ತಿಂಗಳಿಗೆ 50 ಯೂನಿಟ್ ಮೇಲ್ಪಟ್ಟು ಉಳಿಯುತ್ತದೆ. 2,000 ವಾಟಿನ ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಮಡಲು, ತೆಂಗಿನ ಸಿಪ್ಪೆಯಿಂದ ಕಾಯುತ್ತಿದ್ದ ಬಚ್ಚಲ ಹಂಡೆಯನ್ನು ಕಿತ್ತು ಹಾಕಿದ ಮನೆಗೆ ಕನಿಷ್ಠ ಸೌರ ಜಲತಾಪಕವಾದರೂ ಬೇಡವೇ? ಹೆಂಚಿನ ಮನೆಯ ಅಡುಗೆಕೋಣೆಗೆ ಎರಡು ಗಾಜಿನ ಹೆಂಚು ಕೊಡುತ್ತಿದ್ದ ಬೆಳಕಿಗೆ ಈಗ ನಡುಹಗಲಲ್ಲೂ ದೀಪ ಉರಿಸುತ್ತಾರೆ.

ಇನ್ನೊಂದು ಸಂಗತಿಯನ್ನು ಮಾರಾಟಗಾರರು ಒತ್ತಿ ಹೇಳುವುದಿಲ್ಲ. ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ಫಲಕವು ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುವವರ ಪ್ರಾಣರಕ್ಷಣೆಗಾಗಿ ಆ ಏರ್ಪಾಡು. ಬಿಸಿಲಿನ ದಿನ ಒಂದು ಕಿಲೋವಾಟಿನಿಂದ ಸುಮಾರು 4 ಯೂನಿಟ್ ದೊರೆತರೆ, ಆಟಿಯ ಕಾರ್ಮೋಡದಲ್ಲಿ ಅದು ಬಹಳವಾಗಿ ಇಳಿಯುತ್ತದೆ. ಆ ದಿನಗಳಲ್ಲಿ ಫಲಕವಿದ್ದ ಮನೆಯೂ ಜಾಲಕ್ಕೇ ಕೈಯೊಡ್ಡಬೇಕು; ಐದು ಕಿಲೋವಾಟ್ ಹಾಕಿಸಿ ಬಳಕೆಯನ್ನು ಇಮ್ಮಡಿಸಿಕೊಂಡವನು ಆಗ ಎಲ್ಲೂರಿನಿಂದ ಮೊದಲಿಗಿಂತ ಹೆಚ್ಚನ್ನೇ ಎಳೆಯುತ್ತಾನೆ.