ಗಿರಣಿಯ ಬಾಗಿಲಲ್ಲೇ ಉಳಿದ ವಿಮೆ

ನಾಗಪುರದ ಪಶ್ಚಿಮಕ್ಕೆ, ಅಮರಾವತಿ ರಸ್ತೆಯ ಮೇಲಿರುವ ವಾಡಿ ಲಾರಿಗಳ, ಗೋದಾಮುಗಳ ಊರು. ಅಲ್ಲಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಗಂಡ ಹೋಟೆಲಿನಲ್ಲಿ ದುಡಿಯುತ್ತಾನೆ. ಹೆಂಡತಿ ಲಾರಿ ಚಾಲಕರಿಗೆ ಡಬ್ಬಿ ಊಟ ಮಾಡಿಕೊಡುತ್ತಾಳೆ. ಒಂದು ಗ್ರೈಂಡರು, ನಾಲ್ಕು ದೊಡ್ಡ ಪಾತ್ರೆ, ತಿಂಗಳ ಅಕ್ಕಿ ಬೇಳೆ, ಇಷ್ಟೇ ಬಂಡವಾಳ. ಒಂದು ದಿನ ಬೆಂಕಿ ಬಿದ್ದು ಅದೆಲ್ಲ ಹೋಯಿತೆಂದರೆ, ಆಕೆಯ ಕೈಯೂ ಸುಟ್ಟಿತೆಂದರೆ, ಕೇಳುವವರು ಯಾರು?

ಇದೇ ನಾಗಪುರದ ಎಂಪ್ರೆಸ್ ಗಿರಣಿ 1877ರಲ್ಲಿ ಆರಂಭವಾಯಿತು. ಕಾನೂನಿನ ಒತ್ತಾಯವಿಲ್ಲದ ಆ ಶತಮಾನದಲ್ಲೇ ಜಮಶೇಟಜಿ ಟಾಟಾ ಅವರು ಅಲ್ಲಿ ಪಿಂಚಣಿ ನಿಧಿಯನ್ನೂ ಅಪಘಾತ ಪರಿಹಾರವನ್ನೂ ಏರ್ಪಡಿಸಿದರು. 1948ರ ಕಾಯಿದೆಯ ಕಾರ್ಮಿಕ ರಾಜ್ಯ ವಿಮೆ 1954ರಲ್ಲಿ ನಾಗಪುರಕ್ಕೂ ಮುಂಬಯಿಗೂ ಬಂತು. ಆಮೇಲೆ ಗಿರಣಿಗಳು ಮುಚ್ಚಿದವು. ದುಡಿಮೆ ಮನೆಯೊಳಗೆ ಬಂತು. ವಿಮೆ ಮಾತ್ರ ಗಿರಣಿಯ ಬಾಗಿಲಲ್ಲೇ ಉಳಿಯಿತು.

ಮನೆಗೆ ಕೆಲಸ ಕಳಿಸುವ ವ್ಯಾಪಾರಿಗೆ ಜಾಗದ ಬಾಡಿಗೆ ಉಳಿಯಿತು, ವಿದ್ಯುತ್ತಿನ ಖರ್ಚು ಉಳಿಯಿತು. ಕಾರ್ಮಿಕ ರಾಜ್ಯ ವಿಮೆಗೆ ಮಾಲೀಕನು ಪಗಾರದ ಮೇಲೆ ಕೊಡಬೇಕಾದ ನೂರಕ್ಕೆ 3.25ರ ವಂತಿಗೆಯೂ ಉಳಿಯಿತು. ಹಾನಿಯ ಹೊರೆಯಷ್ಟೇ ನಮ್ಮ ಹೆಂಗಸರ ತಲೆಯ ಮೇಲೆ ಬಿತ್ತು. ಇದು ನ್ಯಾಯವೆಂದು ನಾವು ಒಪ್ಪಲಾರೆವು.

2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಮನೆಯಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಹೆಸರಿಸಿದೆ. ಅಸಂಘಟಿತರಿಗೂ ರಾಜ್ಯ ವಿಮೆಯ ಸೌಲಭ್ಯ ಕೊಡುವ ಯೋಜನೆ ರೂಪಿಸಲು ಕೇಂದ್ರ ಸರಕಾರಕ್ಕೆ ಅಧಿಕಾರವನ್ನೂ ಕೊಟ್ಟಿದೆ. ಆದರೆ ಅಲ್ಲಿರುವ ಪದ ‘ರೂಪಿಸಬಹುದು’ ಎಂಬುದು. ಅದನ್ನು ‘ರೂಪಿಸಬೇಕು’ ಎಂದಾಗಿಸುವುದು ಸಂಘಟನೆಯ ಕೆಲಸ.

ಅಲ್ಲಿಯವರೆಗೆ ಕೈಕಟ್ಟಿ ಕೂರುವುದೂ ತರವಲ್ಲ. ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯು ಅಪಘಾತದಿಂದ ಮರಣವಾದರೆ 2 ಲಕ್ಷ ರೂಪಾಯಿ ಕೊಡುತ್ತದೆ; 18ರಿಂದ 70 ವಯಸ್ಸಿನವರು ಸೇರಬಹುದು. ಆದರೆ ಸುಟ್ಟ ಗಾಯದ ಔಷಧಕ್ಕಾಗಲಿ, ಸುಟ್ಟುಹೋದ ಗ್ರೈಂಡರಿಗಾಗಲಿ ಅದರಿಂದ ಕಾಸು ಬರದು. ಸರಕು ಸಾಮಾನಿಗೆ 2021ರ ಏಪ್ರಿಲಿನಿಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಬೇರೆ ಪಾಲಿಸಿ ಇದೆ. ಮನೆಯ ಪಾಲಿಸಿ ಇದೆಯೆಂದು ನೆಚ್ಚಿಕೊಂಡಿರಬೇಡಿ. ಅದು ವಾಸದ ಮನೆಗಾಗಿ ಇರುವುದು. ಮನೆಯಲ್ಲಿ ವ್ಯಾಪಾರ ನಡೆಯುವುದನ್ನು ಕಂಪನಿಗೆ ಮೊದಲೇ ಬರೆದು ತಿಳಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಮನೆಬಳಕೆಯ ಸಿಲಿಂಡರಿನಲ್ಲಿ ವ್ಯಾಪಾರದ ಅಡಿಗೆ ಮಾಡುವುದು ನಿಯಮಕ್ಕೆ ವಿರುದ್ಧವೆಂಬುದನ್ನೂ ಮರೆಯಬೇಡಿ.

ಒಬ್ಬೊಬ್ಬರೇ ಹೋದರೆ ಇದೆಲ್ಲ ಕಷ್ಟವೆಂದು ನಾವು ಬಲ್ಲೆವು. ಮುಂಬಯಿಯಲ್ಲಿ ಗಿರಣಿ ಕಾಮಗಾರರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರಿಗೂ ಕಷ್ಟವೇ ಇತ್ತು. 1975ರಲ್ಲಿ ಪ್ರೇಮಾ ಪುರವ ಅವರು ಅವರನ್ನು ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ ಮೇಲೆ, ಬಡ್ಡಿ ಸಾಹುಕಾರನ ಮನೆಗೆ ಹೋಗುತ್ತಿದ್ದವರಿಗೆ ಬ್ಯಾಂಕಿನ ಬಾಗಿಲು ತೆರೆಯಿತು. ಸಾಲಕ್ಕೆ ಆದದ್ದು ವಿಮೆಗೆ ಏಕೆ ಆಗಬಾರದು?

ವಾಡಿಯಲ್ಲಾಗಲಿ ಧಾರಾವಿಯಲ್ಲಾಗಲಿ, ಮನೆಯಲ್ಲಿ ದುಡಿಯುವ ನಮ್ಮ ತಾಯಂದಿರ, ಅಕ್ಕತಂಗಿಯರ ಹೆಸರುಗಳನ್ನು ಸಂಘಗಳು ಮೊದಲು ಪಟ್ಟಿ ಮಾಡಲಿ. ಸಾಮೂಹಿಕ ವಿಮೆಗೆ ಕಂಪನಿಗಳೊಡನೆ ಮಾತನಾಡಲಿ. ಅರ್ಜಿ ತುಂಬಿಕೊಡಲು ವಾರಕ್ಕೊಂದು ಸಂಜೆ ಕಚೇರಿಯ ಬಾಗಿಲು ತೆರೆದಿರಲಿ. ಮನೆಯ ದುಡಿಮೆಯೂ ದುಡಿಮೆಯೇ ಎಂದು ಸರಕಾರ ಒಪ್ಪುವ ಮುನ್ನ ನಾವು ಒಪ್ಪಬೇಕು.