ಮಳೆಯ ಲೆಕ್ಕವೇ ಮಗುವಿನ ಪಾಠ

ಹೋದ ಆರಿದ್ರಾ ಮಳೆಯ ಹೊತ್ತಿನಲ್ಲಿ ಎಮ್ಮೆದೊಡ್ಡಿಯಲ್ಲಿ ಒಂದು ಸಣ್ಣ ಸಭೆ ಮುಗಿಸಿಕೊಂಡು ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪೇಟೆಯ ಮಿಲ್ಲೊಂದಕ್ಕೆ ಕೂಲಿಗೆ ಹೋಗುವ ತಾಯಿಯೊಬ್ಬರು ನಾಲ್ಕು ವರ್ಷದ ಮಗಳ ಕೈ ಹಿಡಿದುಕೊಂಡು ಬಂದು ಕೇಳಿದರು: “ಮೇಷ್ಟ್ರೇ, ಇವಳನ್ನ ಕಾನ್ವೆಂಟಿಗೆ ಹಾಕೋ ಶಕ್ತಿ ನಮಗಿಲ್ಲ. ಮನೇಲೇ ಏನಾದ್ರೂ ಹೇಳಿಕೊಡೋಣ ಅಂದ್ರೆ ನಮಗೇನು ಬರ್ತದೆ?”

“ಈಗ ಯಾವ ಮಳೆ ನಡೀತಿದೆ ತಾಯಿ?” ಎಂದೆ.

“ಆರಿದ್ರ. ಇನ್ನು ನಾಲ್ಕು ದಿನ. ಆಮೇಲೆ ಪುನರ್ವಸು.” ತಡವರಿಸದೆ ಹೇಳಿದರು. ಯಾವ ಮಳೆಗೆ ಯಾವ ಬೀಜ ಹಾಕಬೇಕು, ಯಾವ ಮಳೆಗೆ ಕಳೆ ತೆಗೆಯಬೇಕು, ಯಾವ ಮಳೆ ತಪ್ಪಿದರೆ ರಾಗಿ ಕೈಬಿಟ್ಟಂತೆ, ಎಲ್ಲವನ್ನೂ ಬಸ್ಸು ಬರುವಷ್ಟರಲ್ಲಿ ಹೇಳಿ ಮುಗಿಸಿದರು. ಇಷ್ಟು ಬಲ್ಲ ತಾಯಿ “ನಮಗೇನು ಬರ್ತದೆ” ಎಂದು ತಲೆ ತಗ್ಗಿಸುವಂತೆ ಮಾಡಿದವರು ಯಾರು?

ಅಂಥವರಲ್ಲಿ ನಾನೂ ಒಬ್ಬ. ಮೇಷ್ಟರಾಗಿದ್ದಾಗ ಒಂದನೆಯ ತರಗತಿಯ ಹುಡುಗನೊಬ್ಬನಿಗೆ ಕಾಲಗಳನ್ನು ಹೇಳು ಎಂದೆ. “ರಾಗಿ ಕಾಲ, ಅವರೆಕಾಯಿ ಕಾಲ, ನೀರಿಲ್ಲದ ಕಾಲ” ಎಂದ. ಪುಸ್ತಕದಲ್ಲಿ ವಸಂತ, ಗ್ರೀಷ್ಮ ಎಂದಿತ್ತು. ತರಗತಿ ನಕ್ಕಿತು, ನಾನೂ ನಕ್ಕೆ, ಸೊನ್ನೆ ಹಾಕಿದೆ. ಆ ಸೊನ್ನೆ ನನಗೆ ಸಲ್ಲಬೇಕಾದದ್ದೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಮೂರರಿಂದ ಆರು ವರ್ಷದ ಮಕ್ಕಳಿಗೆ ಬಿಡಿಬಿಡಿ ಅಕ್ಷರ ತುರುಕಬಾರದು. ಒಂದೆರಡು ವಾರ ಒಂದೇ ವಿಷಯ ಹಿಡಿದು ಅದರ ಸುತ್ತ ಮಾತು, ಆಟ, ಎಣಿಕೆ, ಹಾಡು ಕಟ್ಟಬೇಕು. ಇದು ಶಿಶುಶಿಕ್ಷಣ ಬಲ್ಲವರ ಮಾತು. ಈ ವಿಷಯಗಳ ಪಟ್ಟಿಯನ್ನು ಬಣ್ಣದ ಪುಸ್ತಕ ಮಾಡಿ ಮಾರುವ ವ್ಯಾಪಾರವೂ ಬೆಳೆದಿದೆ. ನಮ್ಮ ರೈತನ ಪಂಚಾಂಗವನ್ನು ನೋಡಿ: ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ 13-14 ದಿನ. ಅಶ್ವಿನಿಯಿಂದ ವಿಶಾಖದವರೆಗೆ 16 ಮಳೆ. ಎರಡು ವಾರಕ್ಕೊಂದು ಪಾಠವೆಂದು ಯಾರೋ ಅಳೆದಿಟ್ಟಂತಿದೆ. ಇದಕ್ಕೆ ಕಾಸು ಕೊಡಬೇಕಾಗಿಲ್ಲ.

ಯುಗಾದಿಯಿಂದಲೇ ತೊಡಗೋಣ. ಬೇವು-ಬೆಲ್ಲ ನಾಲಿಗೆಯ ಪಾಠ: ಕಹಿ, ಸಿಹಿ, ಹುಳಿ, ಒಗರು. ಅಶ್ವಿನಿ, ಭರಣಿಯ ಹೊತ್ತಿಗೆ ನೀರಿನ ಪಾಠ: ಮನೆಗೆ ದಿನಕ್ಕೆ ಎಷ್ಟು ಕೊಡ ಬಂತು, ಕುಡಿಯಲು ಎಷ್ಟು, ದನಕ್ಕೆ ಎಷ್ಟು? ರೋಹಿಣಿ, ಮೃಗಶಿರಕ್ಕೆ ಬೀಜದ ಪಾಠ: ರಾಗಿ, ಹುರುಳಿ, ತೊಗರಿ, ಅವರೆಯನ್ನು ಮೊರದಲ್ಲಿ ಬೆರೆಸಿಟ್ಟು ಬೇರೆ ಮಾಡಲು ಹೇಳಿ. ಗಣಿತದ ಮೊದಲ ಮೆಟ್ಟಿಲು ಅದೇ. ನಾಲ್ಕು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ದಿನವೂ ಬಿಚ್ಚಿ ನೋಡಲಿ. ಮೊಳಕೆಗಿಂತ ದೊಡ್ಡ ಮೇಷ್ಟರಿಲ್ಲ.

ಪುಷ್ಯ, ಆಶ್ಲೇಷಕ್ಕೆ ಕೆರೆಯ ಪಾಠ. ಎಮ್ಮೆದೊಡ್ಡಿಯ ಮಕ್ಕಳಿಗೆ ಮದಗದ ಕೆರೆ ಪಕ್ಕದಲ್ಲೇ ಇದೆ. ಬಾಬಾಬುಡನ್ ಗಿರಿಯ ಕಡೆಯಿಂದ ಹಳ್ಳ ಇಳಿದು ಬಂದು ಕೆರೆ ತುಂಬುತ್ತದೆ. ಕೋಡಿ ಬಿದ್ದರೆ ಆ ನೀರು ವೇದಾವತಿಯ ಪಾಲಾಗಿ ವಾಣಿವಿಲಾಸ ಸಾಗರದ ಕಡೆಗೆ ಹರಿಯುತ್ತದೆ. ಮಳೆ ಬಂದು ಕೆರೆ ತುಂಬಿದ ಜನಪದ ಹಾಡು ತಮ್ಮ ಕೆರೆಯದೇ ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಮಗುವನ್ನು ಏರಿಯ ಮೇಲೆ ನಿಲ್ಲಿಸಿ, ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳಿ. ಭೂಗೋಳ ಅಲ್ಲಿಂದಲೇ ಶುರು. ಕೈ ಮಾತ್ರ ಬಿಡಬೇಡಿ.

ಗಣೇಶನ ಹಬ್ಬದ ಸುಮಾರಿಗೆ ಜೇಡಿಮಣ್ಣಿನ ಪಾಠ. ಪೆನ್ಸಿಲು ಹಿಡಿಯಬೇಕಾದ ಬೆರಳು ಮೊದಲು ಮಣ್ಣು ನಾದಿ ಗಟ್ಟಿಯಾಗಲಿ. ಸ್ವಾತಿ, ವಿಶಾಖಕ್ಕೆ ದೀಪ ಮತ್ತು ನೆರಳು. ಚಳಿಗಾಲದಲ್ಲಿ ಕಣದ ಪಾಠ: ತೆನೆ, ಕಾಳು, ಹೊಟ್ಟು, ಹಿಟ್ಟು, ಮುದ್ದೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಹಂಚುವಾಗ ಪಾಲು ಮಾಡುವ ಪಾಠ. ಹುಣ್ಣಿಮೆ, ಅಮಾವಾಸ್ಯೆ, ರಂಜಾನಿನ ಎಳೆಚಂದ್ರ, ಈ ಆಕಾಶದ ಪಾಠ ವರ್ಷವಿಡೀ ಇದ್ದೇ ಇದೆ. ಅದನ್ನು ಎಲ್ಲ ಕೇರಿಯ ಮಕ್ಕಳೂ ಒಟ್ಟಿಗೆ ನಿಂತು ನೋಡಲಿ. ಅಂಗಡಿಯ ಬಂಧುಗಳೇ, ನಿಮ್ಮ ಮಗುವಿಗೆ ತಕ್ಕಡಿಯೇ ಶಾಲೆ. ಯಾವುದು ಭಾರ, ಯಾವುದು ಹಗುರ, ಯಾವುದಕ್ಕೆ ಯಾವ ಬಟ್ಟು? ದಿನಕ್ಕೆ ಅರ್ಧ ಗಂಟೆ ಸಾಕು.

“ಸಾಹುಕಾರರ ಮಕ್ಕಳು ಇಂಗ್ಲಿಷು ಕಲಿಯುವಾಗ ನಮ್ಮ ಮಕ್ಕಳು ಹುರುಳಿಕಾಳು ಎಣಿಸುತ್ತ ಕೂರಬೇಕೆ?” ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಇಂಗ್ಲಿಷು ನಮ್ಮ ಮಕ್ಕಳಿಗೂ ಬೇಕು, ಅದನ್ನು ಬಿಟ್ಟುಕೊಡತಕ್ಕದ್ದಲ್ಲ. ಆದರೆ ಮೂರು ವರ್ಷದ ಕೂಸಿಗೆ ಅರ್ಥವಾಗದ ಪದ ಉರುಹೊಡೆಸಿದರೆ ಅದು ಭಾಷೆ ಕಲಿತಂತಲ್ಲ. ಮನೆಮಾತಿನಲ್ಲಿ ಹತ್ತು ಪ್ರಶ್ನೆ ಕೇಳಬಲ್ಲ ಮಗು ನಾಳೆ ಯಾವ ಭಾಷೆಯಲ್ಲಾದರೂ ಕೇಳೀತು. ಎಳೆಯ ಮಕ್ಕಳ ಕಲಿಕೆ ಮನೆಮಾತಿನಲ್ಲಿ, ಆಟದ ಮೂಲಕ ಆಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಇದು ಬಡವರಿಗಾಗಿ ಕಂಡುಕೊಂಡ ಅಗ್ಗದ ಶಿಕ್ಷಣವೂ ಅಲ್ಲ. ಲಂಡನ್ನಿನ ಕೂಲಿಕಾರರ ಕೇರಿಯಾದ ಡೆಪ್ಟ್‌ಫರ್ಡಿನಲ್ಲಿ ಮಾರ್ಗರೆಟ್ ಮತ್ತು ರೇಚಲ್ ಮ್ಯಾಕ್‌ಮಿಲನ್ ಎಂಬ ಸಮಾಜವಾದಿ ಸೋದರಿಯರು 1914ರಲ್ಲಿ ಬಯಲು ಶಿಶುಶಾಲೆ ತೆರೆದಾಗ ತೋಟವನ್ನೇ ಪಾಠಶಾಲೆ ಮಾಡಿದರು. ನಮ್ಮ ದೇಶದಲ್ಲಿ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಕೆಲಸ ತೊಡಗಿದರು. ಎಲೆ, ಬೀಜ, ಕಲ್ಲುಗಳೇ ಅವರ ಪಾಠದ ಸಾಮಗ್ರಿ.

ಆದರೆ ಇಷ್ಟಕ್ಕೇ ಮುಗಿಸಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ತಾಯಿ ಕತ್ತಲೆ ಹರಿಯುವ ಮುನ್ನ ಮನೆ ಬಿಡುತ್ತಾರೆ, ಕತ್ತಲಾದ ಮೇಲೆ ಬರುತ್ತಾರೆ. ಮೊರದಲ್ಲಿ ಕಾಳು ಹರಡಿ ಮಗುವಿನೊಡನೆ ಕೂರುವುದು ಯಾವಾಗ? ಆಕೆಗೆ ಜ್ಞಾನದ ಕೊರತೆಯಿಲ್ಲ, ಹೊತ್ತಿನ ಕೊರತೆಯಿದೆ; ಆ ಹೊತ್ತನ್ನು ಕೊಂಡುಕೊಂಡವನು ಮಿಲ್ಲಿನ ಮಾಲೀಕ. ಹೆಂಗಸರು 30ಕ್ಕಿಂತ ಹೆಚ್ಚು ದುಡಿಯುವ ಕಾರ್ಖಾನೆಯಲ್ಲಿ ಶಿಶುವಿಹಾರ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತು. ಎಂಟು-ಹತ್ತು ಹೆಂಗಸರು ದುಡಿಯುವ ಸಣ್ಣ ಮಿಲ್ಲಿಗೆ ಅದು ತಾಗಲೇ ಇಲ್ಲ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಘೋಷಿಸಿತು; ಒಳ್ಳೆಯದು. ಪೇಟೆಯ ಮಿಲ್ಲಿಗೆ ಹೋಗುವ ತಾಯಿಯ ಕೂಸಿಗೆ ಮನೆ ಬೇಡವೆ?

ಇನ್ನು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆಯಿದು. ನಮ್ಮ ರಾಜ್ಯದಲ್ಲಿ ತಿ. ನರಸೀಪುರದಿಂದ ಮೊದಲಾಯಿತು. ಐವತ್ತು ವರ್ಷ ದಾಟಿದರೂ ಅಲ್ಲಿಯ ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಅವರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಡಬೇಕಾಯಿತು. ಊರಿನ ಎಳೆಯರನ್ನೆಲ್ಲ ಒಪ್ಪಿಸಿರುವ ಕೈಗಳಿಗೆ ಗೌರವ ಕೊಡುವ ರೀತಿ ಇದೇ ಏನು?

ಆದುದರಿಂದ ಎರಡು ಕೆಲಸ. ಮನೆಯಲ್ಲಿ, ಮುಂದಿನ ಮಳೆಯ ಹೆಸರನ್ನು ಗೋಡೆಯ ಮೇಲೆ ಬರೆದು ಮಗುವಿನ ಪಾಠ ತೊಡಗಿಸಿ; ಅಜ್ಜ-ಅಜ್ಜಿಯರಿದ್ದರೆ ಅವರನ್ನೇ ಮೇಷ್ಟರನ್ನಾಗಿ ಮಾಡಿ. ಸಂಘದಲ್ಲಿ, ಕೂಲಿಯ ಬೇಡಿಕೆಯ ಜೊತೆಗೆ ಇನ್ನೊಂದು ಬೇಡಿಕೆ ಬರೆಯಿರಿ: ಪೇಟೆಯ ಸಣ್ಣ ಮಿಲ್ಲುಗಳೆಲ್ಲ ಸೇರಿ ಒಂದು ಶಿಶುವಿಹಾರ ನಡೆಸಬೇಕು, ಅಂಗನವಾಡಿ ಕಾರ್ಯಕರ್ತೆಗೆ ಸಂಬಳ ಸಿಗಬೇಕು. ಬೀದಿ ಬದಿಯ ವ್ಯಾಪಾರಿಗಳ ಮಕ್ಕಳಿಗೂ ಅದೇ ಶಿಶುವಿಹಾರದಲ್ಲಿ ಜಾಗವಿರಲಿ.

ಬಸ್ಸು ಬಂದಾಗ ಆ ತಾಯಿ ಮಗಳಿಗೆ, “ಆರಿದ್ರ ಆದ್ಮೇಲೆ ಯಾವ್ದು, ಹೇಳು?” ಎನ್ನುತ್ತಿದ್ದರು. ಮಗು ಹೇಳಿತು. ಆಕೆಗೆ ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಉಳಿದ ಮಳೆಗಳನ್ನೂ ಹೇಳೀತು. ಆ ಅರ್ಧ ಗಂಟೆಯನ್ನು ಗಳಿಸಿಕೊಡುವುದು ನಮ್ಮ ನಿಮ್ಮೆಲ್ಲರ ಹೊಣೆ.