ಅಣ್ಣನ ಎಂಜಿನ್, ಮೊಮ್ಮಗನ ರೈಲು



ಹಳೆಯ ಹೊಲಿಗೆ ಯಂತ್ರವನ್ನು ಮಾರಬೇಕೋ, ರಿಪೇರಿ ಮಾಡಿಸಿ ಇಟ್ಟುಕೊಳ್ಳಬೇಕೋ ಎಂದು ಹೋದ ತಿಂಗಳು ಈ ಪುಟದಲ್ಲಿ ಬರೆದಿದ್ದೆ. ಅದನ್ನು ಓದಿದ್ದ ಅಕ್ಕಲಕೋಟೆಯ ತಾಯಿಯೊಬ್ಬರು ಸೊಲ್ಲಾಪುರಕ್ಕೆ ಬಲಿಪೂಜೆಗೆ ಬಂದಾಗ ಚರ್ಚಿನ ಅಂಗಳದಲ್ಲೇ ನನ್ನನ್ನು ನಿಲ್ಲಿಸಿದರು. "ಸರ್, ಮಗ ಕರೆಂಟಿನ ರೈಲು ಬೇಕಂತ ಹಟ ಹಿಡದಾನ್ರಿ. ಹೊಸಾದು ತಗೊಂಡ್ರ ಭಾಳ ರೊಕ್ಕ. ನಮ್ಮ ಮೈದುನನ ಹತ್ರ ಹಳೇದೊಂದು ಐತಿ, ಅದನ್ನ ಸುದ್ದ ಮಾಡಿ ಕೊಡ್ತೀನಿ ಅಂತಾನ. ಯಾವ್ದು ಛಲೋ ಹೇಳ್ರಿ?"

ಉತ್ತರ ಹೇಳಲು ನನಗೆ ಒಂದು ತಿಂಗಳು ಹಿಡಿಯಿತು. ಏಕೆಂದರೆ ಅದೇ ಪ್ರಶ್ನೆ ನಮ್ಮ ಮನೆಯ ಊಟದ ಮೇಜಿನ ಮೇಲೆಯೇ ಬಿಚ್ಚಿಕೊಂಡು ಕೂತಿತ್ತು. ಒಂದು ಕಡೆ ನನ್ನ ಮಗ ಪುಣೆಯಿಂದ ಮೊಮ್ಮಗನಿಗೆ ತಂದ ಹೊಚ್ಚ ಹೊಸ ಸೆಟ್. ಇನ್ನೊಂದು ಕಡೆ ತೀರಿಕೊಂಡ ನನ್ನ ಅಣ್ಣನ ಹಳೆಯ ಎಂಜಿನ್.

ಹೊಸ ಸೆಟ್ಟಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಪೆಟ್ಟಿಗೆ ತೆರೆದು, ಹಳಿ ಜೋಡಿಸಿ, ಅಡಾಪ್ಟರ್ ಸಿಕ್ಕಿಸಿದರೆ ಹತ್ತು ನಿಮಿಷದಲ್ಲಿ ಗಾಡಿ ಹೊರಟಿತು. ಮುಂದೆ ಸಣ್ಣ ಎಲ್‌ಇಡಿ ದೀಪ. ಆಮೆಯಂತೆ ನಿಧಾನವಾಗಿ ಹೊರಟು ನಿಧಾನವಾಗಿಯೇ ನಿಲ್ಲುತ್ತದೆ. ಹಳೆಯ ಆಟಿಕೆ ರೈಲುಗಳಿಗೆ ಈ ಗುಣವಿರಲಿಲ್ಲ. ಗುಂಡಿ ತಿರುಗಿಸಿದರೆ ಒಮ್ಮೆಲೇ ಜಿಗಿಯುತ್ತಿದ್ದವು. ಈಗಿನ ಒಳ್ಳೆಯ ಮಾದರಿಗಳಲ್ಲಿ ಮೋಟಾರಿನ ಜೊತೆ ಫ್ಲೈವೀಲ್ ಎಂಬ ತೂಕದ ಚಕ್ರವಿರುತ್ತದೆ. ಹಳಿಯ ಮೇಲೆ ಧೂಳಿನ ಚುಕ್ಕೆ ಸಿಕ್ಕು ವಿದ್ಯುತ್ ಒಂದು ಕ್ಷಣ ತಪ್ಪಿದರೂ ಆ ಚಕ್ರದ ಓಟ ಗಾಡಿಯನ್ನು ದಾಟಿಸಿಬಿಡುತ್ತದೆ. ಹೊಲಿಗೆ ಯಂತ್ರದ ದೊಡ್ಡ ಗಾಲಿ ಮಾಡುವ ಕೆಲಸವೇ ಇದು.

ಮೊಮ್ಮಗ ಅರ್ಧ ಗಂಟೆ ಓಡಿಸಿದ. ಆಮೇಲೆ ಕೇಳಿದ: "ಮುತ್ಯಾ, ಇದು ಎಲ್ಲಿ ರೈಲು? ನಮ್ಮ ಸ್ಟೇಷನ್ನಿಗೆ ಇಂಥಾದ್ದು ಬರಂಗಿಲ್ಲಲ್ಲ?"

ಅವನ ಮಾತು ಸರಿಯಾಗಿಯೇ ಇತ್ತು. ಅದು ಯೂರೋಪಿನ ಯಾವುದೋ ಗಾಡಿ. 2023ರ ಫೆಬ್ರವರಿಯಲ್ಲಿ ಮುಂಬೈ-ಸೊಲ್ಲಾಪುರ ವಂದೇ ಭಾರತ್ ಶುರುವಾದಾಗಿನಿಂದ ಹುಡುಗನ ತಲೆಯಲ್ಲಿ ಅದೇ ಬಿಳಿ-ನೀಲಿ ಗಾಡಿ ಓಡುತ್ತಿದೆ. ಭಾರತೀಯ ಎಂಜಿನ್, ಡಬ್ಬಿಗಳ ಮಾದರಿಗಳನ್ನು ಈಚಿನ ವರ್ಷಗಳಲ್ಲಿ ನಮ್ಮ ದೇಶದ ಸಣ್ಣ ತಯಾರಕರೂ ಮಾಡುತ್ತಿದ್ದಾರೆ. ಆದರೆ ಅವು ಬರುವುದು ಸ್ವಲ್ಪವೇ, ಬೆಲೆಯೂ ಆಟಿಕೆಯ ಬೆಲೆಯಲ್ಲ. ಹೊರದೇಶದಿಂದ ತರಿಸೋಣವೆಂದರೆ ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ ಹೋಯಿತು. ಸಂಬಳದ ಮನೆಯವರು ಎರಡು ಸಲ ಯೋಚಿಸಬೇಕಾದ ಬಾಬತ್ತು.

ಇನ್ನೊಂದು ತೊಡಕು ಅಂಗಡಿಯವರು ಹೇಳುವುದಿಲ್ಲ. ಹೆಚ್ಚು ಬಳಕೆಯಲ್ಲಿರುವ ಅಳತೆಗೆ ಎಚ್‌ಒ ಎಂದು ಹೆಸರು. ನಿಜವಾದ ಗಾಡಿಯ 87ರಲ್ಲಿ ಒಂದು ಭಾಗ. ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಯೂರೋಪ್, ಅಮೆರಿಕದ 1435 ಮಿ.ಮೀ. ಹಳಿಗೆ ಇದು ಸರಿಯಾದ ಲೆಕ್ಕ. ಆದರೆ ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿ ನೋಡಿ, 19 ಮಿ.ಮೀ. ಮೇಲಾಗುತ್ತದೆ. ಆದ್ದರಿಂದ ನಮ್ಮ ಪ್ಯಾಸೆಂಜರ್ ಗಾಡಿಯ 37 ಮಿ.ಮೀ. ಅಗಲದ ಡಬ್ಬಿಯನ್ನು 16.5ರ ಹಳಿಯ ಮೇಲೆ ಕೂರಿಸಿದರೆ ದಪ್ಪ ಮನುಷ್ಯ ಕಾಲು ಜೋಡಿಸಿಕೊಂಡು ನಿಂತಂತೆ ಕಾಣುತ್ತದೆ. ಜೊತೆಗೆ ನಮ್ಮ ಹಳೆಯ ನೀಲಿ ಡಬ್ಬಿ ಈ ಅಳತೆಯಲ್ಲಿ ಸುಮಾರು 24 ಸೆಂ.ಮೀ. ಉದ್ದ. ಸೆಟ್ಟಿನ ಜೊತೆ ಬರುವ ಸಣ್ಣ ವೃತ್ತದ ತ್ರಿಜ್ಯ 37 ಸೆಂ.ಮೀ. ಆಸುಪಾಸು. ತಿರುವಿನಲ್ಲಿ ಡಬ್ಬಿಯ ಮೂಲೆ ಹೊರಗೆ ಚಾಚಿಕೊಂಡು ಪಕ್ಕದಲ್ಲಿಟ್ಟ ಸ್ಟೇಷನ್ನನ್ನೇ ಗುದ್ದುತ್ತದೆ. ನಮ್ಮಲ್ಲಿ ಗುದ್ದಿದ್ದು ಉಪ್ಪಿನಕಾಯಿ ಭರಣಿಯನ್ನು, ಅದಿರಲಿ.

ಈಗ ಅಣ್ಣನ ಎಂಜಿನ್ನಿನ ಕಥೆ.

ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದವರು. 1978ರಲ್ಲಿ ಇಂಗ್ಲೆಂಡಿನಿಂದ ಆರು ಗಾಲಿಯ ಒಂದು ಸಣ್ಣ ಶಂಟಿಂಗ್ ಎಂಜಿನ್ ತಂದಿದ್ದರು. ಅದರಿಂದ "ಬಾರ್ಶಿ ಗಾಡಿ" ಮಾಡುವುದು ಅವರ ಆಸೆ. ಹಿರಿಯ ಓದುಗರಿಗೆ ನೆನಪಿರಬಹುದು, ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಮೂರೂ ಅಳತೆಯ ಹಳಿಗಳಿದ್ದವು. 1860ರಲ್ಲಿ ಸೊಲ್ಲಾಪುರಕ್ಕೆ ಬಂದು, ಅಕ್ಕಲಕೋಟ ರೋಡ್ ದಾಟಿ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಸೇರಿದ ಬ್ರಾಡ್ ಗೇಜ್ ಒಂದು. ಹೋಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಹೋಗುತ್ತಿದ್ದ ಮೀಟರ್ ಗೇಜ್ ಇನ್ನೊಂದು. ಮೂರನೆಯದು ಕುರ್ಡುವಾಡಿಯ ನ್ಯಾರೋ ಗೇಜ್, ಬಾರ್ಶಿ ಲೈಟ್ ರೈಲ್ವೆ. ಅದರ ಹಳಿಗಳ ನಡುವೆ ಎರಡೂವರೆ ಅಡಿ, ಅಂದರೆ 762 ಮಿ.ಮೀ. ಅಷ್ಟೇ.

ಇದನ್ನು ಕಟ್ಟಿಸಿದವರು ಎವರಾರ್ಡ್ ಕ್ಯಾಲ್ತ್ರೋಪ್ ಎಂಬ ಇಂಗ್ಲಿಷ್ ಎಂಜಿನಿಯರ್. ಕುರ್ಡುವಾಡಿಯಿಂದ ಬಾರ್ಶಿಗೆ 1897ರಲ್ಲಿ ಗಾಡಿ ಓಡಿತು. ಆಮೇಲೆ ಒಂದು ಕಡೆ ಲಾತೂರಿಗೂ ಇನ್ನೊಂದು ಕಡೆ ಪಂಢರಪುರಕ್ಕೂ ಬೆಳೆದು 1927ರಲ್ಲಿ ಮಿರಜ್ ಮುಟ್ಟಿತು. ಯಾವ ಅಚ್ಚಿನ ಮೇಲೂ 5 ಟನ್‌ಗಿಂತ ಹೆಚ್ಚು ಭಾರ ಬೀಳಬಾರದು ಎಂಬುದು ಕ್ಯಾಲ್ತ್ರೋಪ್ ಹಾಕಿದ ಲೆಕ್ಕ. ಭಾರ ಹಂಚಿಹೋದರೆ ಹಗುರವಾದ ಹಳಿ ಸಾಕು, ಖರ್ಚು ಕಡಿಮೆ. ಈ ಮನುಷ್ಯನ ಬಗ್ಗೆ ಇನ್ನೊಂದು ಸಂಗತಿ ಕೇಳಿ. ರೋಲ್ಸ್-ರಾಯ್ಸ್ ಕಾರಿನ ಹೆಸರಿನಲ್ಲಿರುವ ಚಾರ್ಲ್ಸ್ ರೋಲ್ಸ್ ಅವರ ಸ್ನೇಹಿತ. ರೋಲ್ಸ್ 1910ರಲ್ಲಿ ವಿಮಾನ ಬಿದ್ದು ತೀರಿಕೊಂಡರು. ಆಮೇಲೆ ಕ್ಯಾಲ್ತ್ರೋಪ್ ವಿಮಾನ ಚಾಲಕರಿಗಾಗಿ ಒಂದು ಪ್ಯಾರಾಚೂಟ್ ತಯಾರಿಸಿದರು. ಅದಕ್ಕೆ ಇಟ್ಟ ಹೆಸರು 'ಗಾರ್ಡಿಯನ್ ಏಂಜಲ್'. ನಮ್ಮ ಮಾತಿನಲ್ಲಿ ಕಾವಲುದೂತ!

ಬಾರ್ಶಿಯಲ್ಲಿ ನಮ್ಮ ಅತ್ತೆಯ ಮನೆ. ರಜೆಗೆ ಹೋಗುವಾಗ ಕುರ್ಡುವಾಡಿಯಲ್ಲಿ ಇಳಿದು ಆ ಸಣ್ಣ ಗಾಡಿ ಹತ್ತುತ್ತಿದ್ದೆವು. ಅಣ್ಣ ಕಿಟಕಿಯ ಹತ್ತಿರ, ನಾನು ಅವರ ತೊಡೆಯ ಮೇಲೆ. ಕಣ್ಣಿಗೆ ಕಲ್ಲಿದ್ದಲಿನ ಕಣ ಬಿದ್ದು ಅತ್ತಿದ್ದು ನೆನಪಿದೆ. 2000ರ ದಶಕದಲ್ಲಿ ಈ ದಾರಿ ಒಂದೊಂದೇ ತುಂಡಾಗಿ ಬ್ರಾಡ್ ಗೇಜ್ ಆಯಿತು. ಒಳ್ಳೆಯದೇ ಆಯಿತು, ಲಾತೂರಿನವರು ಈಗ ಕುರ್ಡುವಾಡಿಯಲ್ಲಿ ಗಾಡಿ ಬದಲಿಸದೆ ಮುಂಬೈಗೆ ಹೋಗುತ್ತಾರೆ. ಆದರೆ ಆ ಗಾಡಿಯ ಮಾದರಿ ಬೇಕೆಂದರೆ ನಾನು ಕಂಡ ಯಾವ ಅಂಗಡಿಯಲ್ಲೂ ಇಲ್ಲ. ಮಾಡಿಕೊಳ್ಳಬೇಕು, ಇಲ್ಲವೇ ಬಿಡಬೇಕು.

ಅಣ್ಣನ ಜಾಣತನ ನನಗೆ ತಿಳಿದದ್ದು ಅವರು ಹೋದ ಮೇಲೆ. ಎಂಜಿನ್ನಿನ ಪೆಟ್ಟಿಗೆಯಲ್ಲಿ ಮಡಚಿಟ್ಟ ಒಂದು ಕಾಗದವಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ: 762 ÷ 48 = 15.9. ಅಡಿಯಲ್ಲಿ ಎರಡು ಗೆರೆ. ಅಂದರೆ, ಗಾಡಿಯನ್ನು 87ರಲ್ಲಿ ಒಂದು ಭಾಗ ಮಾಡುವ ಬದಲು 48ರಲ್ಲಿ ಒಂದು ಭಾಗ ಮಾಡಿದರೆ, ಬಾರ್ಶಿ ಹಳಿಯ ಅಗಲ ಹೆಚ್ಚುಕಡಿಮೆ ಇದೇ 16.5ಕ್ಕೆ ಬಂದು ಕೂರುತ್ತದೆ! ಅದೇ ಹಳಿ, ಅದೇ ಸಣ್ಣ ಎಂಜಿನ್ನಿನ ಚಾಸಿ. ಮೇಲೆ ದೊಡ್ಡ ಮೈ ಕೂರಿಸಿದರೆ ನ್ಯಾರೋ ಗೇಜ್ ಗಾಡಿ ಆಗುತ್ತದೆ. ಹವ್ಯಾಸಿಗಳು ಇದನ್ನು ಓಎನ್30 ಎನ್ನುತ್ತಾರೆ. 30 ಎಂದರೆ 30 ಅಂಗುಲದ ಹಳಿ. ಬ್ಯಾಕ್‌ಮನ್ ಕಂಪನಿ 1998ರಿಂದ ಈ ಅಳತೆಯ ಸಿದ್ಧ ರೈಲುಗಳನ್ನೂ ತಂದಿತು, ಆದರೆ ಅವೆಲ್ಲ ಅಮೆರಿಕದ ಚಹರೆಯವು. ನ್ಯಾರೋ ಗೇಜಿಗೆ ಇಕ್ಕಟ್ಟಿನ ತಿರುವು ಸಹಜವಾದ್ದರಿಂದ ಊಟದ ಮೇಜೂ ಸಾಕಾಗುತ್ತದೆ.

ಕತ್ತರಿಸುವುದೋ ಬೇಡವೋ ಎಂಬಲ್ಲಿ ನಾನು ಎರಡು ವಾರ ನಿಂತುಬಿಟ್ಟೆ. ಹಳೆಯ ಮಾದರಿ ಮೂಲ ಬಣ್ಣದಲ್ಲಿ, ಪೆಟ್ಟಿಗೆಯ ಸಮೇತ ಇದ್ದರೆ ಸಂಗ್ರಹಕಾರರು ಬೆಲೆ ಕೊಡುತ್ತಾರೆ. ಗರಗಸ ತಾಗಿದರೆ ಆ ಬೆಲೆ ಹೋಯಿತು. ಬೆಲೆಗಿಂತಲೂ, ಅಣ್ಣ ಕೈಯಾರೆ ಒರೆಸಿಟ್ಟ ವಸ್ತುವನ್ನು ನಾನು ಕೊಯ್ಯುವುದೇ? ಮೊಮ್ಮಗನ ಹೊಸ ಸೆಟ್ಟಿನಲ್ಲಿ ಈ ತಂಟೆಯೇ ಇಲ್ಲ. ಅದು ಕೆಟ್ಟರೆ ಬೈದುಕೊಂಡು ಇನ್ನೊಂದು ತರಬಹುದು. ಕೊನೆಗೆ ಅತ್ತಿಗೆಯನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. "ನಲವತ್ತು ವರ್ಷ ನೋಡೀನಿ, ಪೆಟ್ಟಿಗಿ ತೆಗೀತಿದ್ರು, ಒರಸ್ತಿದ್ರು, ಇಡ್ತಿದ್ರು. ಓಡಿದ್ದು ಒಂದಿನಾನೂ ನೋಡಿಲ್ಲ. ಮಾಡ್ರಿ ನೀವು."

ಮಾಡಿದೆವು. ಮೇಲಿನ ಮೈ ಒಂದೇ ಸ್ಕ್ರೂನಲ್ಲಿ ಬಿಚ್ಚಿತು, ಅದು ಹಾಗೆಯೇ ಪೆಟ್ಟಿಗೆಯಲ್ಲಿದೆ. ಚಾಸಿಯ ಹಿಂತುದಿಯನ್ನು ಮಾತ್ರ ಅರ್ಧ ಸೆಂ.ಮೀ. ಕೊಯ್ದೆ. ಮೊದಲ ಗೆರೆ ಸೊಟ್ಟ ಹೋಯಿತು, ಅರದಿಂದ ತೀಡಿ ಸರಿಮಾಡಬೇಕಾಯಿತು. ಬಾಯ್ಲರಿಗೆ ನೀರಿನ ಪೈಪಿನ ತುಂಡು. ಕ್ಯಾಬಿಗೆ ಮದುವೆ ಆಮಂತ್ರಣದ ದಪ್ಪ ಕಾಗದ ಎರಡು ಪದರ ಅಂಟಿಸಿದ್ದು. ಬಾರ್ಶಿಯ ಗೂಡ್ಸ್ ಡಬ್ಬಿಗಳು 25 ಅಡಿ ಉದ್ದ, 7 ಅಡಿ ಅಗಲ. ನಮ್ಮ ಲೆಕ್ಕಕ್ಕೆ 16 ಸೆಂ.ಮೀ. ಉದ್ದ, ನಾಲ್ಕೂವರೆ ಅಗಲ. ಐಸ್‌ಕ್ರೀಮ್ ಕಡ್ಡಿಯಲ್ಲಿ ಮೊಮ್ಮಗನೇ ಎರಡು ಮಾಡಿದ.

ಮೋಟಾರು ಮಾತ್ರ ಮೊದಲ ದಿನ ಹಂದಲಿಲ್ಲ. ಆದರೆ ಹಳೆಯದರ ಸುಖ ಇರುವುದೇ ಇಲ್ಲಿ: ಮೋಟಾರು ತೆರೆದೇ ಇದೆ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಮಗ್ಗದ ಓಣಿಯ ಮನೆ ನಮ್ಮದು, ಅಚ್ಚಿಗೆಲ್ಲ ಹತ್ತಿಯ ಎಳೆ ಸುತ್ತಿಕೊಂಡಿತ್ತು. ಚಿಮಟದಿಂದ ಬಿಡಿಸಿ, ಕಾರ್ಬನ್ ಬ್ರಷ್ ತೆಗೆದು, ಅವು ಉಜ್ಜುವ ತಾಮ್ರದ ಭಾಗವನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದ ಮೇಲೆ ಉಸಿರು ಬಂತು. ಹೊಸ ಎಂಜಿನ್ನಿನ ಒಳಗೆ ಸರ್ಕ್ಯೂಟ್ ಬೋರ್ಡ್ ಇರುತ್ತದೆ, ಮೋಟಾರು ಮುಚ್ಚಿದ ಡಬ್ಬಿಯಲ್ಲಿರುತ್ತದೆ. ಅದು ಕೆಟ್ಟರೆ ನಮ್ಮ ಊರಿನ ರೇಡಿಯೋ ರಿಪೇರಿಯವರು ಕೈ ಮುಗಿಯುತ್ತಾರೆ.

ಅಕ್ಕಲಕೋಟೆಯ ತಾಯಿಗೆ ನಾನು ಹೇಳಿದ್ದು ಇಷ್ಟು. ಹುಡುಗನಿಗೆ ಏಳೆಂಟು ವರ್ಷ, ಮನೆಯಲ್ಲಿ ಬಿಚ್ಚಿ ಜೋಡಿಸುವವರು ಯಾರೂ ಇಲ್ಲ ಎಂದಾದರೆ ಸಣ್ಣದೊಂದು ಹೊಸ ಸೆಟ್ಟೇ ಸರಿ. ಬಿಲ್ಲು, ಗ್ಯಾರಂಟಿ ಕಾರ್ಡು ಜೋಪಾನವಾಗಿಡಿ. ಮೈದುನ ನಿಜವಾಗಿ ಕೂತು ಕಲಿಸುತ್ತಾನಾದರೆ ಹಳೆಯದನ್ನು ತೆಗೆದುಕೊಳ್ಳಿ. ಆದರೆ ಹಳೆಯ ಟ್ರಾನ್ಸ್‌ಫಾರ್ಮರ್ ಮಾತ್ರ ಬೇಡವೇ ಬೇಡ. ವೈರಿನ ಹೊದಿಕೆ ಒಣಗಿ ಬಿರಿದಿರುತ್ತದೆ, ಗೋಡೆಯ 230 ವೋಲ್ಟ್ ಮಗುವಿನ ಕೈಗೆ ಬಂದೀತು. ಹೊಸ 12 ವೋಲ್ಟಿನ ಡಿಸಿ ಕಂಟ್ರೋಲರ್ ಕೊಳ್ಳಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಉಜ್ಜುವ ಕೆಲಸ ದೊಡ್ಡವರೇ ಮಾಡಲಿ, ಮನೆಯ ಹೊರಗೆ. ಕೊಬ್ಬರಿ ಎಣ್ಣೆ ಹಾಕಬೇಡಿ, ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು. ಪುಣೆಗೆ ಹೋದಾಗ ಕೋಥ್ರೂಡಿನಲ್ಲಿ ಜೋಶಿಯವರ ಕಿರುರೈಲು ಮ್ಯೂಸಿಯಂ ಇದೆ, 1998ರಲ್ಲಿ ತೆರೆದದ್ದು. ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್‌ಗೆ ಹೋಗಿ ಮಗುವಿಗೆ ಅದನ್ನೊಮ್ಮೆ ತೋರಿಸಿ, ಆಮೇಲೆ ಕೊಳ್ಳಿ. ಒಮ್ಮೊಮ್ಮೆ ನೋಡಿದ ಮೇಲೆ ಹಟವೇ ಇಳಿಯುತ್ತದೆ!

ಕಳೆದ ಭಾನುವಾರ ಕುರ್ಡುವಾಡಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರನ್ನು ಚಹಾಕ್ಕೆ ಕರೆದಿದ್ದೆವು. ಅತ್ತಿಗೆಯೂ ಬಂದಿದ್ದರು. ಗಾಡಿ ಮೇಜಿನ ಸುತ್ತ ಎರಡು ಸುತ್ತು ಬಂತು. ಹಿರಿಯರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಗಾಲಿ ಕಡಿಮಿ ಅದಾವಲ್ರಿ. ಬಾರ್ಶಿ ಎಂಜಿನ್ನಿಗೆ ಎಂಟು ಬೇಕು."

ಅವರ ಮಾತು ನಿಜ. ಲೀಡ್ಸಿನ ಕಿಟ್ಸನ್ ಕಾರ್ಖಾನೆಯಿಂದ ಬಂದ ಮೊದಲ ಎಂಜಿನ್‌ಗಳಿಗೇ ಎಂಟು ಚಾಲಕ ಗಾಲಿಗಳು, ಹಿಂದೆ ಮತ್ತೆ ನಾಲ್ಕು ಸಣ್ಣವು. ನಮ್ಮದಕ್ಕೆ ಆರೇ. ಬದಿಗೆ ಪಟ್ಟಿ ಅಂಟಿಸಿ ಮುಚ್ಚಿದ್ದೆ, ಆದರೆ ಫಿಟ್ಟರನ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ?

ಆಮೇಲೆ ಅವರು ಕಿವಿಯನ್ನು ಮೇಜಿಗೆ ಹತ್ತಿಸಿ ಸ್ವಲ್ಪ ಹೊತ್ತು ಕೇಳಿದರು. "ಎಣ್ಣಿ ಒಂದು ಹನಿ ಹೆಚ್ಚಾಗೇತಿ," ಎಂದರು. ಮೊಮ್ಮಗ ಬಟ್ಟೆ ತರಲು ಓಡಿದ. ಅವನು ಬರುವವರೆಗೂ ಗಾಡಿ ನಿಲ್ಲಿಸಬೇಡಿರೆಂದು ಅತ್ತಿಗೆ ಕೈ ಸನ್ನೆ ಮಾಡಿದರು.